ಎಚ್ಚೆತ್ತ ಯಂತ್ರಕ್ಕೆ ತನ್ನ ವಿಳಾಸ ತಿಳಿದಿರಬೇಡವೆ?

ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮದೊಂದು ಪುಟ್ಟ ಗಣಕಯಂತ್ರ ಕಳೆದುಹೋಯಿತು. ಅದನ್ನು ಯಾರೂ ಕದ್ದಿರಲಿಲ್ಲ; ಇದ್ದ ಸ್ಥಳದಿಂದ ಅದು ಒಂದಂಗುಲವೂ ಕದಲಿರಲಿಲ್ಲ. ದೂರದ ಊರಿನ ಮಿತ್ರರೊಬ್ಬರ ಮನೆಯ ಅಟ್ಟದಲ್ಲಿ, ಪರದೆಯೂ ಕೀಲಿಮಣೆಯೂ ಇಲ್ಲದೆ, ದಪ್ಪ ಪುಸ್ತಕವೊಂದರ ಗಾತ್ರದ ಆ ಯಂತ್ರ ನಮ್ಮ ಬರಹಗಳ ಪ್ರತಿಗಳನ್ನು ಜೋಪಾನವಾಗಿಟ್ಟುಕೊಂಡು ಕುಳಿತಿತ್ತು. ನಾವು ಮನೆಯಿಂದಲೇ ಅಂತರಜಾಲದ ಮೂಲಕ ಅದರೊಡನೆ ವ್ಯವಹರಿಸುತ್ತಿದ್ದೆವು. ಅಂದು ರಾತ್ರಿ ಅಲ್ಲಿ ವಿದ್ಯುತ್ತು ಹೋಯಿತು. ಮನೆಯ ಬ್ಯಾಟರಿಯೂ ಬರಿದಾಯಿತು. ಬೆಳಗಿನ ಜಾವಕ್ಕೆ ವಿದ್ಯುತ್ತು ಮರಳಿ ಬಂದಿತು. ಯಂತ್ರವೂ ತಾನಾಗಿಯೇ ಎಚ್ಚೆತ್ತಿತು. ಆದರೆ ನಾವು ಎಷ್ಟು ಕರೆದರೂ ಅದು ಓಗೊಡಲಿಲ್ಲ.

ಮಿತ್ರರನ್ನು ದೂರವಾಣಿಯಲ್ಲಿ ವಿಚಾರಿಸಿದೆವು. “ಯಂತ್ರಕ್ಕೇನೂ ಆಗಿಲ್ಲ ಸ್ವಾಮಿ, ಹಸಿರು ದೀಪ ಮಿಣುಕುತ್ತಲೇ ಇದೆ” ಎಂದರು. ಆ ಯಂತ್ರದ ಡಿಸ್ಕಿನಲ್ಲಿರುವುದೆಲ್ಲ ಗೂಢಲಿಪಿಯಲ್ಲಿದೆ. ಕಳ್ಳನೊಬ್ಬ ಅದನ್ನು ಹೊತ್ತುಕೊಂಡು ಹೋದರೂ ಅವನಿಗೆ ಒಂದಕ್ಷರವೂ ದೊರೆಯಬಾರದೆಂದು ನಾವೇ ಮಾಡಿದ ಏರ್ಪಾಡು ಅದು. ಹೀಗಾಗಿ ಪ್ರತಿ ಸಲ ಎಚ್ಚೆತ್ತಾಗಲೂ ಅದು ಅರ್ಧದಾರಿಯಲ್ಲಿ ನಿಂತು ಗುಪ್ತಪದಕ್ಕಾಗಿ ಕಾಯುತ್ತದೆ. ಗುಪ್ತಪದವನ್ನು ದೂರದಿಂದಲೇ ಕೊಡುವ ವ್ಯವಸ್ಥೆಯನ್ನೂ ನಾವು ಮಾಡಿದ್ದೆವು. ಆದರೆ ಕೊಡುವುದು ಯಾರಿಗೆ? ಎಂದಿನ ವಿಳಾಸದಲ್ಲಿ ಯಾರೂ ಇರಲಿಲ್ಲ.

ಒಂದೂವರೆ ದಿನ ಕಳೆದ ಮೇಲೆ ಮಿತ್ರರು ತಮ್ಮ ಮನೆಯ ರೌಟರಿನ ಪಟ್ಟಿಯನ್ನು ತೆರೆದು ನಮಗೆ ಓದಿಹೇಳಿದರು. ಅದರಲ್ಲಿ ನಮ್ಮ ಒಂದೇ ಯಂತ್ರಕ್ಕೆ ಎರಡು ವಿಳಾಸಗಳಿದ್ದುವು: 192.168.1.23 ಮತ್ತು 192.168.1.41. ನಿತ್ಯ ವ್ಯವಹಾರದ ವಿಳಾಸ ಮೊದಲನೆಯದು. ಹೊರಗಿನಿಂದ ಬರುವ ನಮ್ಮ ಕರೆಯನ್ನು ಅಲ್ಲಿಗೇ ಕಳುಹಿಸಬೇಕೆಂದು ರೌಟರಿಗೆ ಹೇಳಿಟ್ಟಿದ್ದೆವು. ಯಂತ್ರವಾದರೋ ಎರಡನೆಯ ವಿಳಾಸದಲ್ಲಿ ಬಾಗಿಲು ತೆರೆದುಕೊಂಡು, ಗುಪ್ತಪದ ಬಂದೀತೆಂದು ಒಂದೂವರೆ ದಿನ ಕಾದು ನಿಂತಿತ್ತು. ತಪ್ಪು ನಮ್ಮದೇ ಎಂಬುದನ್ನು ಮರೆಮಾಚಲಾರೆವು. ಯಂತ್ರವನ್ನು ಅಣಿಗೊಳಿಸುವಾಗ ಅದರ ಮುಂದೆಯೇ ಕುಳಿತು ಕೀಲಿಮಣೆಯಿಂದ ಗುಪ್ತಪದವನ್ನು ಒತ್ತಿದ್ದೆವು. ದೂರದಿಂದ ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಯಂತ್ರವೊಂದೇ, ತಂತಿಯೊಂದೇ, ರೌಟರೂ ಒಂದೇ. ವಿಳಾಸ ಮಾತ್ರ ಎರಡಾದುದೇಕೆ?

ಇದನ್ನು ವಿಚಾರಿಸಿದಷ್ಟೂ ನಮ್ಮ ಒಂದು ಅಭಿಪ್ರಾಯ ದೃಢವಾಗುತ್ತ ಬಂದಿದೆ. ನೆಲೆಯಾಗಿ ಒಂದೆಡೆ ಕುಳಿತು ಕೆಲಸ ಮಾಡುವ ಯಂತ್ರ ತಾನು ಯಾರೆಂಬುದನ್ನು ಡಿಸ್ಕು ತೆರೆಯುವ ಮೊದಲೇ ಬಲ್ಲದ್ದಾಗಿರಬೇಕು. ಡಿಸ್ಕು ತೆರೆದ ಮೇಲೆಯೂ ಅದೇ ಗುರುತನ್ನೇ ಹೇಳಬೇಕು. ಲೈನಕ್ಸ್ ವ್ಯವಸ್ಥೆಗಳಲ್ಲಿ ಇದು ಹೇಳದಿದ್ದರೂ ತಾನಾಗಿ ನಡೆಯತಕ್ಕ ಸಂಗತಿಯಾಗಬೇಕೇ ಹೊರತು, ಬಲ್ಲವರು ಮಾತ್ರ ಹುಡುಕಿ ಮಾಡಿಕೊಳ್ಳುವ ಉಪಾಯವಾಗಿ ಉಳಿಯಬಾರದು. ಇಂದು ಅನೇಕ ಕಡೆ ಅದು ಉಪಾಯವಾಗಿಯೇ ಉಳಿದಿದೆ.

ಜಾಲದ ವಿಳಾಸವೆಂದರೇನೆಂಬುದನ್ನು ನಮ್ಮ ತರುಣ ವಾಚಕರಲ್ಲಿ ಹಲವರು ಬಲ್ಲರು. ಐಪಿ ಎಂದು ಕರೆಯುವ ನಿಯಮಾವಳಿಯ ನಾಲ್ಕನೆಯ ಆವೃತ್ತಿಯಲ್ಲಿ ಅದು 32 ಬಿಟ್‌ಗಳ ಒಂದು ಸಂಖ್ಯೆ. ಓದುವ ಅನುಕೂಲಕ್ಕಾಗಿ ಅದನ್ನು ನಾಲ್ಕು ತುಂಡು ಮಾಡಿ ನಡುವೆ ಚುಕ್ಕಿಗಳನ್ನಿಡುತ್ತೇವೆ. ಇದಲ್ಲದೆ ಜಾಲಕ್ಕೆ ಸೇರುವ ಪ್ರತಿಯೊಂದು ಕಾರ್ಡಿಗೂ 48 ಬಿಟ್‌ಗಳ ಇನ್ನೊಂದು ಸಂಖ್ಯೆಯುಂಟು. ಅದನ್ನು ಮ್ಯಾಕ್ ವಿಳಾಸವೆನ್ನುವರು. ಗೊಂದಲವಾಗದಿರಲೆಂದು ನಾವಿಲ್ಲಿ ಮ್ಯಾಕ್ ಸಂಖ್ಯೆ ಎನ್ನುತ್ತೇವೆ. ಇದನ್ನು ಸಾಮಾನ್ಯವಾಗಿ ಕಾರ್ಡನ್ನು ತಯಾರಿಸುವಾಗಲೇ ಅದರಲ್ಲಿ ಬರೆದಿಡುವರು. ಸಂಖ್ಯೆಯ ಮೊದಲ ಅರ್ಧ ತಯಾರಕರನ್ನು ಸೂಚಿಸುತ್ತದೆ. ಮ್ಯಾಕ್ ಸಂಖ್ಯೆ ಕಾರ್ಡಿನೊಡನೆ ಹುಟ್ಟಿಬರುತ್ತದೆ. ಐಪಿ ವಿಳಾಸ ಹಾಗಲ್ಲ, ಅದು ಯಂತ್ರ ನೆಲೆಸಿದ ಊರಿಗೆ ಸೇರಿದ್ದು. ಮೊದಲನೆಯದನ್ನು ಹೇಳಿ ಎರಡನೆಯದನ್ನು ಪಡೆಯುವುದು ಹೇಗೆ ಎಂಬುದೇ ಈ ಕಥೆಯ ಮೂಲ.

ಈ ಪ್ರಶ್ನೆ ಹೊಸದೇನೂ ಅಲ್ಲ. 1980ರ ದಶಕದಲ್ಲಿ ಡಿಸ್ಕೇ ಇಲ್ಲದ ಗಣಕಗಳು ಬಳಕೆಗೆ ಬಂದುವು. ವಿದ್ಯುತ್ತು ಕೊಟ್ಟೊಡನೆ ತಮ್ಮ ಕಾರ್ಯವ್ಯವಸ್ಥೆಯನ್ನೂ ಕಡತಗಳನ್ನೂ ಅವು ಜಾಲದ ಮೂಲಕ ಬೇರೊಂದು ಯಂತ್ರದಿಂದ ತರಿಸಿಕೊಳ್ಳಬೇಕಾಗಿತ್ತು. ತರಿಸಿಕೊಳ್ಳಲು ಮೊದಲು ವಿಳಾಸ ಬೇಕು. ವಿಳಾಸವನ್ನು ಬರೆದಿಟ್ಟುಕೊಳ್ಳಲು ಡಿಸ್ಕಿಲ್ಲ. ಇದಕ್ಕೆ ಪರಿಹಾರವಾಗಿ 1984ರಲ್ಲಿ ರಾರ್ಪ್ ಎಂಬ ನಿಯಮ ಪ್ರಕಟವಾಯಿತು. “ನನ್ನ ಮ್ಯಾಕ್ ಸಂಖ್ಯೆ ಇದು, ನನ್ನ ವಿಳಾಸವೇನು?” ಎಂದು ಯಂತ್ರ ತಂತಿಯಲ್ಲಿ ಕೂಗಿ ಕೇಳುವುದು, ಪಟ್ಟಿಯನ್ನಿಟ್ಟುಕೊಂಡ ಸರ್ವರು ನೋಡಿ ಉತ್ತರ ಹೇಳುವುದು. ಮರುವರ್ಷ, 1985ರಲ್ಲಿ, ಅದಕ್ಕಿಂತ ಅನುಕೂಲವಾದ ಬೂಟ್‌ಪಿ ಬಂದಿತು. ವಿಳಾಸವಲ್ಲದೆ, ಯಾವ ಕಡತವನ್ನು ತರಿಸಿಕೊಂಡು ಎಚ್ಚೆತ್ತುಕೊಳ್ಳಬೇಕೆಂಬುದನ್ನೂ ಅದು ತಿಳಿಸುತ್ತಿತ್ತು. ಎರಡರಲ್ಲಿಯೂ ವಿಳಾಸವನ್ನು ಗೊತ್ತುಪಡಿಸುತ್ತಿದ್ದುದು ಮನುಷ್ಯ ಬರೆದಿಟ್ಟ ಪಟ್ಟಿ. ಆ ಪಟ್ಟಿಯನ್ನು ತಿದ್ದುವವರೆಗೆ ಯಂತ್ರದ ವಿಳಾಸ ಅಚಲ.

ಯಂತ್ರಗಳು ಹೆಚ್ಚಿದಂತೆ ಕೈಬರಹದ ಪಟ್ಟಿ ಸಾಲದಾಯಿತು. 1993ರಲ್ಲಿ ಪ್ರಕಟವಾಗಿ 1997ರ ಆರ್‌ಎಫ್‌ಸಿ 2131 ಎಂಬ ವಿಧಿಪತ್ರದಲ್ಲಿ ಪರಿಷ್ಕಾರಗೊಂಡ ಡಿಎಚ್‌ಸಿಪಿ ಎಂಬ ನಿಯಮ ವಿಳಾಸವನ್ನು ಗೇಣಿಗೆ ಕೊಡುವ ಪದ್ಧತಿಯನ್ನು ತಂದಿತು. ನಮ್ಮ ಕರಾವಳಿಯಲ್ಲಿ ಹಿಂದೆ ಮೂಲಗೇಣಿ, ಚಾಲಗೇಣಿ ಎಂಬ ಎರಡು ಬಗೆಯ ಒಕ್ಕಲುತನಗಳಿದ್ದುದನ್ನು ಹಿರಿಯರು ಬಲ್ಲರು. ಮೂಲಗೇಣಿದಾರನ ಹಕ್ಕು ಶಾಶ್ವತ; ಚಾಲಗೇಣಿದಾರನದು ಒಡೆಯನು ಬಿಡು ಎನ್ನುವವರೆಗೆ ಮಾತ್ರ. ಬೂಟ್‌ಪಿಯ ವಿಳಾಸ ಮೂಲಗೇಣಿಯಂತಿತ್ತು. ಡಿಎಚ್‌ಸಿಪಿಯ ವಿಳಾಸ ಬಹುಮಟ್ಟಿಗೆ ಚಾಲಗೇಣಿಯಂತೆ. ವಾಯಿದೆ ಮುಗಿಯುವ ಮೊದಲು ನವೀಕರಿಸಿಕೊಳ್ಳಬೇಕು. ಇಲ್ಲವಾದರೆ ಅದು ಇನ್ನೊಬ್ಬರ ಪಾಲಾಗಬಹುದು.

ಆದರೆ ಡಿಎಚ್‌ಸಿಪಿಯನ್ನು ರೂಪಿಸಿದವರು ವಿಳಾಸವು ದಿನಕ್ಕೊಂದು ಆಗಲೆಂದು ಎಣಿಸಿದವರಲ್ಲ. ಈ ಮಾತನ್ನು ನಾವು ಒತ್ತಿ ಹೇಳಬೇಕಾಗಿದೆ. ಏಕೆಂದರೆ “ಡಿಎಚ್‌ಸಿಪಿಯೆಂದರೆ ಬದಲಾಗುವ ವಿಳಾಸ” ಎಂದು ಪಾಠ ಹೇಳುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಯಂತ್ರ ಮರಳಿ ಎಚ್ಚೆತ್ತಾಗಲೂ ಸಾಧ್ಯವಾದಮಟ್ಟಿಗೆ ಹಿಂದಿನ ವಿಳಾಸವೇ ಅದಕ್ಕೆ ದೊರೆಯಬೇಕೆಂಬುದು ಆ ವಿಧಿಪತ್ರ ಹೇಳಿಕೊಂಡ ಗುರಿಗಳಲ್ಲೊಂದು. ಅದಕ್ಕಾಗಿ ಎರಡು ದಾರಿಗಳನ್ನೂ ಅದು ಇಟ್ಟಿದೆ. ಮೊದಲನೆಯದು, ಯಂತ್ರವೇ ನೆನಪಿಟ್ಟುಕೊಳ್ಳುವುದು. ಹೊಸಬನಾದರೆ ಹುಡುಕುವುದು, ಸರ್ವರು ಒಂದನ್ನು ನೀಡಮಾಡುವುದು, ಅದನ್ನೇ ಬೇಡುವುದು, ಸರ್ವರು ಒಪ್ಪುವುದು ಎಂದು ನಾಲ್ಕು ಮಾತುಗಳು ನಡೆಯಬೇಕು. ಹಳಬನಾದರೆ “ನಿನ್ನೆ ನನ್ನಲ್ಲಿದ್ದುದು ಈ ವಿಳಾಸ, ಅದನ್ನೇ ಕೊಡಿ” ಎಂದರೆ ಸಾಕು, ಎರಡೇ ಮಾತಿನಲ್ಲಿ ಕೆಲಸ ಮುಗಿಯುತ್ತದೆ. ಎರಡನೆಯದು, ಸರ್ವರು ನೆನಪಿಟ್ಟುಕೊಳ್ಳುವುದು. ಬಂದವನ ಗುರುತು ಹಿಡಿದು, ಹಿಂದೆ ಅವನಿಗೆ ಕೊಟ್ಟಿದ್ದ ವಿಳಾಸ ಇನ್ನೂ ಬಿಡುವಾಗಿದ್ದರೆ ಅದನ್ನೇ ಮತ್ತೆ ಕೊಡುವುದು ಅದರ ಕ್ರಮ.

ಬಂದವನ ಗುರುತು ಯಾವುದು? ಯಂತ್ರವು ತನ್ನ ಹೆಸರೆಂದು ಒಂದು ಗುರುತುಪದವನ್ನು ಕಳುಹಿಸಿದರೆ ಸರ್ವರು ಅದನ್ನು ನಂಬಬೇಕು. ಕಳುಹಿಸದಿದ್ದರೆ ಮ್ಯಾಕ್ ಸಂಖ್ಯೆಯೇ ಗುರುತು. ನಮ್ಮ ಯಂತ್ರ ಎಡವಿದುದು ಈ ಹೊಸ್ತಿಲಲ್ಲಿಯೇ. ಅದು ಹೇಗೆಂದು ತಿಳಿಯಬೇಕಾದರೆ ಲೈನಕ್ಸ್ ಎಚ್ಚೆತ್ತುಕೊಳ್ಳುವ ಬಗೆಯನ್ನು ಸ್ವಲ್ಪ ನೋಡಬೇಕು.

ವಿದ್ಯುತ್ತು ಬಂದೊಡನೆ ಮೊದಲು ಓಡುವುದು ಮದರ್‌ಬೋರ್ಡಿನಲ್ಲಿಯೇ ಇರುವ ಫರ್ಮ್‌ವೇರ್. ಅದು ಬೂಟ್‌ಲೋಡರ್ ಎಂಬ ಸಣ್ಣ ಕಾರ್ಯಕ್ರಮವನ್ನು ಎಬ್ಬಿಸುತ್ತದೆ. ಬೂಟ್‌ಲೋಡರು ಲೈನಕ್ಸಿನ ಕರ್ನೆಲನ್ನು ಸ್ಮೃತಿಗೆ ತರುತ್ತದೆ. ಕರ್ನೆಲಿಗೆ ಇನ್ನೂ ಮನೆ ತಲಪಿಲ್ಲ. ಮನೆಯೆಂದರೆ ಕಾರ್ಯಕ್ರಮಗಳೂ ಕಡತಗಳೂ ಇರುವ ನಿಜವಾದ ಡಿಸ್ಕು. ಅದು ಯಾವ ಬಗೆಯದೋ, ಗೂಢಲಿಪಿಯಲ್ಲಿದೆಯೋ, ಜಾಲದಾಚೆ ಬೇರೊಂದು ಯಂತ್ರದಲ್ಲಿದೆಯೋ ಕರ್ನೆಲಿಗೆ ತಿಳಿಯದು. ಆದಕಾರಣ ದಾರಿಯ ಖರ್ಚಿಗೆಂದು ಬೂಟ್‌ಲೋಡರು ಅದರ ಕೈಗೆ ಒಂದು ಪುಟ್ಟ ಕಟ್ಟನ್ನೂ ಕೊಟ್ಟಿರುತ್ತದೆ. ಇದರ ಹೆಸರು ಇನಿಟ್‌ರಾಮ್‌ಎಫ್‌ಎಸ್. ಉಚ್ಚರಿಸಲು ಕಷ್ಟವಾದ ಈ ಹೆಸರಿನ ಬದಲು ನಾವು ಅದನ್ನು ಬುತ್ತಿ ಎಂದೇ ಕರೆಯೋಣ. ಬುತ್ತಿಯಲ್ಲಿ ಡಿಸ್ಕು ತೆರೆಯಲು ಬೇಕಾಗುವಷ್ಟೇ ಉಪಕರಣಗಳಿರುತ್ತವೆ. ಕರ್ನೆಲು ಅದನ್ನು ಸ್ಮೃತಿಯಲ್ಲಿ ಬಿಚ್ಚಿಕೊಂಡು, ಅದರ ಸಹಾಯದಿಂದ ಡಿಸ್ಕನ್ನು ತೆರೆದು, ಮನೆ ಹೊಕ್ಕ ಮೇಲೆ ಬುತ್ತಿಯನ್ನು ಬಿಸುಟುಬಿಡುತ್ತದೆ.

ಬಹುಪಾಲು ಯಂತ್ರಗಳಲ್ಲಿ ಬುತ್ತಿಯ ಹಂತದಲ್ಲಿ ಜಾಲದ ಗೊಡವೆಯೇ ಇಲ್ಲ; ಅದು ಕೆಲವೇ ಸೆಕೆಂಡುಗಳಲ್ಲಿ ಕಳೆದುಹೋಗುತ್ತದೆ. ಆದರೆ ಡಿಸ್ಕು ಜಾಲದಾಚೆ ಇರುವ ಯಂತ್ರಗಳಿಗೆ ಬುತ್ತಿಯಲ್ಲಿಯೇ ವಿಳಾಸ ಬೇಕು. ನಮ್ಮಂತೆ ದೂರದಿಂದ ಗುಪ್ತಪದ ಕೊಡುವವರಿಗೂ ಬೇಕು. ಅದಕ್ಕಾಗಿ ಡ್ರಾಪ್‌ಬೇರ್ ಎಂಬ ಸಣ್ಣ ಎಸ್‌ಎಸ್‌ಎಚ್ ಸರ್ವರನ್ನು ಬುತ್ತಿಯೊಳಗೆ ಇಡುವುದು ರೂಢಿ.

ಇಲ್ಲಿ ಒಂದು ವಿಚಿತ್ರ ಒದಗುತ್ತದೆ. ನಿನ್ನೆಯ ವಿಳಾಸ ಬರೆದಿಟ್ಟಿರುವುದು ಡಿಸ್ಕಿನೊಳಗೆ. ಡಿಸ್ಕು ತೆರೆಯಲು ಬೇಕಾದುದು ವಿಳಾಸ. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಗೆ ಬೀಗ ಜಡಿದ ಕಥೆ ಇದು. ಆದುದರಿಂದ ಯಂತ್ರವೇ ನೆನಪಿಟ್ಟುಕೊಳ್ಳುವ ಮೊದಲನೆಯ ದಾರಿ ಬುತ್ತಿಯ ಹಂತದಲ್ಲಿ ಮುಚ್ಚಿಹೋಗಿದೆ. ಉಳಿದುದು ಎರಡನೆಯದು, ಸರ್ವರು ಗುರುತು ಹಿಡಿಯುವ ದಾರಿ. ಅದಕ್ಕೆ ಬುತ್ತಿಯೂ ಮನೆಯೂ ಒಂದೇ ಹೆಸರನ್ನು ಹೇಳಬೇಕು. ಹೇಳುವುವೆ?

ಹಲವು ಕಡೆ ಹೇಳುವುದಿಲ್ಲ. ಡೆಬಿಯನ್ ಮತ್ತು ಅದರ ಬಳಗದ ವ್ಯವಸ್ಥೆಗಳ ಬುತ್ತಿಯಲ್ಲಿ ವಿಳಾಸ ಕೇಳುವ ಕೆಲಸವನ್ನು ಬಹುಕಾಲ ಮಾಡುತ್ತ ಬಂದುದು ಐಪಿಕಾನ್ಫಿಗ್ ಎಂಬ ಕಿರಿಯ ಕಾರ್ಯಕ್ರಮ. ಅದು ಮ್ಯಾಕ್ ಸಂಖ್ಯೆಯನ್ನೇ ಗುರುತಾಗಿ ನೆಚ್ಚುತ್ತದೆ. ಮನೆ ಹೊಕ್ಕ ಮೇಲೆ ಅದೇ ಕೆಲಸ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿಯ ಪಾಲಾದರೆ, ಅದು ಬೇರೆ ಏನನ್ನೂ ಹೇಳದಿದ್ದಲ್ಲಿ ಡಿಯುಐಡಿ ಎಂಬ ಗುರುತುಪದವನ್ನು ಕಳುಹಿಸುತ್ತದೆ. ಈ ಗುರುತುಪದವನ್ನು ಅದು ಮಷೀನ್-ಐಡಿ ಎಂಬ ಕಡತದಲ್ಲಿರುವ 128 ಬಿಟ್‌ಗಳ ಸಂಖ್ಯೆಯಿಂದ ಲೆಕ್ಕಹಾಕಿ ಪಡೆಯುವುದು. ವ್ಯವಸ್ಥೆಯನ್ನು ಸ್ಥಾಪಿಸಿದಾಗಲೋ ಮೊದಲ ಸಲ ಎಬ್ಬಿಸಿದಾಗಲೋ ಆ ಸಂಖ್ಯೆ ಹುಟ್ಟಿ ಡಿಸ್ಕಿನಲ್ಲಿ ಉಳಿಯುತ್ತದೆ. ರೌಟರಿನ ಕಣ್ಣಿಗೆ ಇವರಿಬ್ಬರೂ ಬೇರೆಬೇರೆ ಗೇಣಿದಾರರು. ಒಬ್ಬನಿಗೆ 41, ಇನ್ನೊಬ್ಬನಿಗೆ 23. ರೌಟರು ಮಾಡಿದುದು ಸರಿಯೇ.

ಬುತ್ತಿಯಲ್ಲಿಯೂ ಅದೇ ಹೊಸ ಕಾರ್ಯಕ್ರಮವನ್ನಿಟ್ಟರೆ ತೊಡಕು ಕಳೆಯಿತೆಂದು ತೋರಬಹುದು. ಅದು ಇನ್ನೂ ಬಿಗಡಾಯಿಸುವ ಸಂದರ್ಭವುಂಟು. ಮಷೀನ್-ಐಡಿ ಕಡತ ಡಿಸ್ಕಿನಲ್ಲಿ, ಬೀಗದ ಒಳಗೆ ಇದೆಯಷ್ಟೆ. ಬುತ್ತಿಯಲ್ಲಿ ಅದರ ಪ್ರತಿಯಿಲ್ಲದಿದ್ದರೆ ವ್ಯವಸ್ಥೆ ತಾತ್ಕಾಲಿಕವಾಗಿ ಯಾವುದಾದರೊಂದು ಹೊಸ ಸಂಖ್ಯೆಯನ್ನು ಹುಟ್ಟಿಸಿಕೊಳ್ಳುತ್ತದೆ. ಹೀಗಾದರೆ ಪ್ರತಿ ಸಲ ಎಚ್ಚೆತ್ತಾಗಲೂ ಯಂತ್ರ ಹೊಸ ಹೆಸರನ್ನು ಹೇಳುತ್ತದೆ. ಪ್ರತಿ ಸಲವೂ ಹೊಸ ವಿಳಾಸ ಪಡೆಯುತ್ತದೆ. ಹತ್ತು ಸಲ ಎಬ್ಬಿಸಿದರೆ ರೌಟರಿನ ಪುಸ್ತಕದಲ್ಲಿ ಹತ್ತು ಮಂದಿ ಗೇಣಿದಾರರು! ಅವರಲ್ಲಿ ಒಂಬತ್ತು ಮಂದಿ ಇನ್ನೆಂದಿಗೂ ಬಾರದವರು. ಆದರೂ ವಾಯಿದೆ ತೀರುವವರೆಗೆ ಅವರ ನೆಲ ಬೀಳುಬಿದ್ದಿರುತ್ತದೆ.

ಹಾಗಾದರೆ ಎಲ್ಲವನ್ನೂ ಮ್ಯಾಕ್ ಸಂಖ್ಯೆಗೇ ಒಪ್ಪಿಸಿಬಿಡಬಾರದೇಕೆ ಎಂದು ವಾಚಕರು ಕೇಳಿಯಾರು. ಕಾರ್ಡಿನಲ್ಲಿ ಬರೆದಿಟ್ಟ ಸಂಖ್ಯೆಯಿದ್ದರೆ ಅದು ಒಳ್ಳೆಯ ದಾರಿಯೇ. ಆದರೆ ಎಲ್ಲ ಯಂತ್ರಗಳಿಗೂ ಆ ಭಾಗ್ಯವಿಲ್ಲ. ಅಗ್ಗದ ಒಂಟಿಹಲಗೆಯ ಗಣಕಗಳಲ್ಲಿ ಕೆಲವಕ್ಕೆ ತಯಾರಕರು ಯಾವ ಸಂಖ್ಯೆಯನ್ನೂ ಬರೆದಿರುವುದಿಲ್ಲ. ಬೂಟ್‌ಲೋಡರಾದರೂ ಒಂದನ್ನು ತಿಳಿಸದಿದ್ದರೆ ಕರ್ನೆಲು ಆ ಹೊತ್ತಿಗೆ ತೋಚಿದ ಯಾದೃಚ್ಛಿಕ ಸಂಖ್ಯೆಯನ್ನು ಕಾರ್ಡಿಗೆ ತೊಡಿಸುತ್ತದೆ, ಮರುದಿನ ಬೇರೊಂದನ್ನು. ಹೀಗೆ ಸ್ಥಳದಲ್ಲಿ ಹುಟ್ಟಿಸಿದ ಸಂಖ್ಯೆಗಳಿಗೆ ಒಂದು ಗುರುತುಂಟು. ಹದಿನಾರರ ಮೂಲದಲ್ಲಿ ಬರೆದ ಮೊದಲ ಎರಡಂಕಿಗಳನ್ನು ಎರಡರ ಮೂಲಕ್ಕೆ ಬಿಡಿಸಿ, ಬಲದಿಂದ ಎರಡನೆಯ ಬಿಟ್ ನೋಡಬೇಕು. ಕ್ಯೂಎಮು ಎಂಬ ತಂತ್ರಾಂಶ ತನ್ನ ಕಲ್ಪಿತ ಯಂತ್ರಗಳಿಗೆ ಬೇರೆ ಹೇಳದಿದ್ದಾಗ ಕೊಡುವ ಸಂಖ್ಯೆ 52:54:00:12:34:56. ಇದರ ಮೊದಲ 52 ಎಂಬುದನ್ನು ಬಿಡಿಸಿದರೆ 01010010. ಬಲದಿಂದ ಎರಡನೆಯ ಬಿಟ್ 1 ಆಗಿರುವುದರಿಂದ ಇದು ತಯಾರಕರ ಸಂಖ್ಯೆಯಲ್ಲ, ಸ್ಥಳೀಯವಾಗಿ ಮಾಡಿಕೊಂಡದ್ದು. ವಿದ್ಯಾರ್ಥಿಗಳು ತಮ್ಮ ಯಂತ್ರದ ಸಂಖ್ಯೆಯನ್ನೂ ಹೀಗೆ ಪರೀಕ್ಷಿಸಬಹುದು; ಮನೆಯ ದೂರವಾಣಿಗಳಲ್ಲಿ ಈ ಬಿಟ್ 1 ಆಗಿರುವುದನ್ನು ಕಂಡು ಆಶ್ಚರ್ಯಪಟ್ಟಾರು. ಅದರ ಕಾರಣವನ್ನು ಮುಂದೆ ಹೇಳುತ್ತೇವೆ.

ಕಾರ್ಡುಗಳು ಎರಡಿದ್ದರೆ ಇನ್ನೊಂದು ತಾಪತ್ರಯ. ಕರ್ನೆಲು ಕಂಡ ಅನುಕ್ರಮದಲ್ಲಿ ಅವನ್ನು ಈಥ್-0, ಈಥ್-1 ಎಂದು ಕರೆಯುತ್ತಿತ್ತು. ಇಂದು ಮೊದಲು ಕಂಡುದು ನಾಳೆ ಎರಡನೆಯದಾಗಿ ಕಾಣಬಹುದು. 2013ರ ಜನವರಿಯಲ್ಲಿ ಹೊರಬಂದ ಸಿಸ್ಟಮ್‌ಡಿಯ 197ನೆಯ ಆವೃತ್ತಿಯಿಂದ ಕಾರ್ಡು ಕುಳಿತಿರುವ ಸ್ಥಾನವನ್ನು ಅನುಸರಿಸಿ ಹೆಸರಿಡುವ ಪದ್ಧತಿ ಬಂದಿತು. ಇದರಿಂದ ಬಹಳ ಉಪಕಾರವಾಗಿದೆ. ಆದರೆ ಮರುನಾಮಕರಣ ನಡೆಯುವ ಮೊದಲೇ ಬುತ್ತಿಯ ಕಾರ್ಯಕ್ರಮ ಹಳೆಯ ಹೆಸರಿನಿಂದ ಕೆಲಸ ತೊಡಗುವುದುಂಟು. ನೆಟ್‌ವರ್ಕ್‌ಡಿ ಕಳುಹಿಸುವ ಗುರುತುಪದದ ಒಂದು ಭಾಗ ಕಾರ್ಡಿನ ಹೆಸರಿನಿಂದಲೇ ಹುಟ್ಟುವುದಾದ್ದರಿಂದ, ಹೆಸರು ಬೇರೆಯಾದರೆ ಗುರುತೂ ಬೇರೆಯಾಗುತ್ತದೆ.

ಇದಿಷ್ಟನ್ನೂ ನೋಡಿದಾಗ ನಮಗೆ ಅನ್ನಿಸುವುದಿದು. ಇಲ್ಲಿ ಯಾರೂ ಕೆಟ್ಟ ಕೆಲಸ ಮಾಡಿಲ್ಲ. ಐಪಿಕಾನ್ಫಿಗ್ ಚಿಕ್ಕದಾಗಿರಬೇಕಿತ್ತು, ಚಿಕ್ಕದಾಗಿದೆ. ಡಿಯುಐಡಿಯನ್ನು ನಾಲ್ಕನೆಯ ಆವೃತ್ತಿಗೂ ಅನ್ವಯಿಸಿದ 2006ರ ಆರ್‌ಎಫ್‌ಸಿ 4361ಕ್ಕೂ ಸಕಾರಣವಿತ್ತು: ಕಾರ್ಡು ಬದಲಾದರೂ ಯಂತ್ರದ ಗುರುತು ಉಳಿಯಬೇಕು, ಐಪಿಯ ನಾಲ್ಕನೆಯ ಮತ್ತು ಆರನೆಯ ಆವೃತ್ತಿಗಳಲ್ಲಿ ಗುರುತು ಒಂದೇ ಇರಬೇಕು. ಹಂತಹಂತವಾಗಿ ಎಚ್ಚೆತ್ತುಕೊಳ್ಳುವ ಯಂತ್ರಗಳು ಒಂದೊಂದು ಹಂತದಲ್ಲಿ ಒಂದೊಂದು ಗುರುತನ್ನು ಹೇಳಿ ಬೇರೆಬೇರೆ ವಿಳಾಸ ಪಡೆಯಬಹುದೆಂಬ ಸೂಚನೆಯೂ ಆ ವಿಧಿಪತ್ರದಲ್ಲಿಯೇ ಇದೆ. ಅಂದರೆ ತೊಡಕು ಅಂದೇ ಕಂಡಿತ್ತು. ಕಂಡಮೇಲೂ ಅದು ಇಂದಿಗೂ ಉಳಿದುದೇಕೆಂದರೆ, ಬುತ್ತಿ ಕಟ್ಟುವವರು ಒಬ್ಬರು, ಮನೆ ನಡೆಸುವವರು ಇನ್ನೊಬ್ಬರು. ಹೊಸ್ತಿಲು ಯಾರ ಹೊಣೆಯೂ ಅಲ್ಲ. ಬುತ್ತಿಯನ್ನು ಕಟ್ಟುವ ಉಪಕರಣವೇ ಆ ಹೊಣೆಯನ್ನು ಹೊರಬೇಕೆಂದು ನಾವು ವಾದಿಸುತ್ತೇವೆ. ಕಟ್ಟುವಾಗ ಡಿಸ್ಕು ತೆರೆದೇ ಇರುತ್ತದೆ. ಮನೆಯವರು ಯಾವ ಗುರುತನ್ನು ಹೇಳುತ್ತಾರೆಂದು ನೋಡಿ ಅದನ್ನೇ ಬುತ್ತಿಯಲ್ಲಿ ಕಟ್ಟಿಡಲು ಅದಕ್ಕೇನು ಅಡ್ಡಿ? ಗುರುತನ್ನು ಕರ್ನೆಲಿಗೆ ಕೊಡುವ ಆದೇಶದ ಸಾಲಿನಲ್ಲಿಯೇ ಬರೆಯುವ ಸೌಲಭ್ಯವೂ ಸಿಸ್ಟಮ್‌ಡಿಯಲ್ಲಿ ಇದೆ. ಸೌಕರ್ಯಗಳೆಲ್ಲ ಇವೆ; ಅವನ್ನು ಜೋಡಿಸುವ ಸಂಕಲ್ಪ ಮಾತ್ರ ಬೇಕಾಗಿದೆ.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾವು ಬಲ್ಲೆವು. “ಇಷ್ಟೆಲ್ಲ ರಗಳೆಯೇಕೆ, ವಿಳಾಸವನ್ನೇ ಸ್ಥಿರವಾಗಿ ಬರೆದಿಟ್ಟರಾಯಿತು” ಎನ್ನುವವರಿದ್ದಾರೆ. ಕರ್ನೆಲಿನ ಆದೇಶದ ಸಾಲಿನಲ್ಲಿ ಐಪಿ ಎಂದು ಬರೆದು ವಿಳಾಸ, ಹೆಬ್ಬಾಗಿಲು, ಕಾರ್ಡಿನ ಹೆಸರು ಎಲ್ಲವನ್ನೂ ಕೊಡಬಹುದೆಂಬುದು ನಿಜ. ಒಂದೆರಡು ಯಂತ್ರಗಳಿಗೆ ಅದು ಸಾಕು. ಆದರೆ ಹೀಗೆ ಬರೆದ ವಿಳಾಸ ಬುತ್ತಿಯ ಹಂತದಲ್ಲಿ ಒಂದು ಕಡೆ, ಮನೆಯಲ್ಲಿ ಒಂದು ಕಡೆ, ರೌಟರಿನಲ್ಲಿ ಮತ್ತೊಂದು ಕಡೆ ಇರುತ್ತದೆ. ಜಾಲದ ಏರ್ಪಾಡು ಬದಲಾದ ದಿನ ಮೂರರಲ್ಲಿ ಒಂದನ್ನು ತಿದ್ದಲು ಮರೆಯುವುದು ಮನುಷ್ಯಸ್ವಭಾವ. ಆ ಮರೆವು ಮುಂದಿನ ಸಲ ವಿದ್ಯುತ್ತು ಹೋಗಿ ಬರುವವರೆಗೆ ಹೊರಗೆ ಕಾಣುವುದೇ ಇಲ್ಲ.

ಎರಡನೆಯ ಆಕ್ಷೇಪಣೆ ಹೆಚ್ಚು ಗಂಭೀರವಾದುದು. ಬದಲಾಗದ ಗುರುತು ಬೆನ್ನಟ್ಟುವವನಿಗೂ ಅನುಕೂಲ. ಐಪಿಯ ಆರನೆಯ ಆವೃತ್ತಿಯಲ್ಲಿ ಯಂತ್ರವು ತನ್ನ ವಿಳಾಸದ ಕೊನೆಯ 64 ಬಿಟ್‌ಗಳನ್ನು ತಾನೇ ರಚಿಸಿಕೊಳ್ಳಬಹುದು; ಮೊದಲು ಅದನ್ನು ಮ್ಯಾಕ್ ಸಂಖ್ಯೆಯಿಂದಲೇ ರಚಿಸುತ್ತಿದ್ದರು. ಇದರಿಂದ ನೀವು ಯಾವ ಊರಿನ ಯಾವ ಜಾಲಕ್ಕೆ ಹೋದರೂ ವಿಳಾಸದ ಬಾಲ ಒಂದೇ ಆಗಿರುತ್ತಿತ್ತು. ಆ ಬಾಲವನ್ನು ಹಿಡಿದು ನಿಮ್ಮ ಚಲನವಲನವನ್ನೆಲ್ಲ ಬರೆದಿಡಬಹುದಿತ್ತು. ಈ ಭಯ ನಿಜವಾದುದು. ಮನೆಯ ದೂರವಾಣಿಗಳಲ್ಲಿ ಆ ಬಿಟ್ 1 ಆಗಿರುವುದಕ್ಕೆ ಕಾರಣವೂ ಇದೇ: 2019ರ ಆಂಡ್ರಾಯ್ಡ್ 10 ಮತ್ತು 2020ರ ಐಓಎಸ್ 14ರಿಂದೀಚೆಗೆ ಅವು ಒಂದೊಂದು ವೈ-ಫೈ ಜಾಲಕ್ಕೆ ಒಂದೊಂದು ಕಲ್ಪಿತ ಮ್ಯಾಕ್ ಸಂಖ್ಯೆಯನ್ನು ತೋರಿಸುತ್ತವೆ. ಜೇಬಿನಲ್ಲಿ ಊರೂರು ಸುತ್ತುವ ಯಂತ್ರಕ್ಕೆ ಅದು ಯೋಗ್ಯವಾದ ಕ್ರಮ. ಅಟ್ಟದಲ್ಲಿ ಕುಳಿತ ಯಂತ್ರಕ್ಕೆ ಮರೆಸಿಕೊಳ್ಳುವ ಪ್ರಯಾಣವೇ ಇಲ್ಲ. ಇವೆರಡಕ್ಕೂ ಒಂದೇ ಕಟ್ಟಳೆ ಮಾಡಬಾರದೆಂಬುದೇ ನಮ್ಮ ಮಾತು.

ಗೋಪ್ಯತೆಯೂ ಸ್ಥಿರತೆಯೂ ಹಾವು ಮುಂಗುಸಿಗಳೇನೂ ಅಲ್ಲ. 2014ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 7217 ಇದನ್ನು ಸೊಗಸಾಗಿ ತೋರಿಸಿದೆ. ಅದರ ಪ್ರಕಾರ ಯಂತ್ರವು ತಾನಿರುವ ಜಾಲದ ಪೂರ್ವಭಾಗ, ಕಾರ್ಡಿನ ಗುರುತು, ತನ್ನಲ್ಲಿ ಮಾತ್ರ ಇರುವ ಒಂದು ರಹಸ್ಯಸಂಖ್ಯೆ, ಇವೇ ಮೊದಲಾದವನ್ನು ಕಲಸಿ ವಿಳಾಸದ ಬಾಲವನ್ನು ಲೆಕ್ಕಹಾಕುತ್ತದೆ. ಅದೇ ಜಾಲಕ್ಕೆ ಎಷ್ಟು ಸಲ ಮರಳಿದರೂ ಉತ್ತರ ಒಂದೇ. ಬೇರೆ ಜಾಲಕ್ಕೆ ಹೋದರೆ ಉತ್ತರವೇ ಬೇರೆ. ಹೊರಗಿನವನಿಗೆ ಎರಡರ ನಂಟು ಕಾಣುವುದಿಲ್ಲ. ಇಲ್ಲಿ ಏನನ್ನೂ ನೆನಪಿಡಬೇಕಾಗಿಲ್ಲ, ಪ್ರತಿ ಸಲವೂ ಲೆಕ್ಕ ಮಾಡಿದರಾಯಿತು ಎಂಬುದನ್ನು ಗಮನಿಸಿರಿ. ಬುತ್ತಿಯ ಹಂತಕ್ಕೆ ಹೇಳಿ ಮಾಡಿಸಿದಂಥ ಉಪಾಯ! ಒಂದೇ ಕೊರತೆಯೆಂದರೆ ಆ ರಹಸ್ಯಸಂಖ್ಯೆಯೂ ಸಾಮಾನ್ಯವಾಗಿ ಡಿಸ್ಕಿನೊಳಗೇ ಇರುತ್ತದೆ. ಅದನ್ನು ಬುತ್ತಿಯಲ್ಲಿ ಕಟ್ಟಿಟ್ಟರೆ, ಬುತ್ತಿಗೆ ಅನೇಕ ವೇಳೆ ಬೀಗವಿಲ್ಲದಿರುವುದರಿಂದ, ಕಳ್ಳನ ಕೈಗೆ ಸಿಗಬಹುದು. ಸಿಕ್ಕಿದರೆ ಅವನಿಗೆ ಯಂತ್ರದ ವಿಳಾಸ ಏನಾಗಿತ್ತೆಂದು ತಿಳಿದೀತು. ಒಳಗಿನ ಬರಹವಂತೂ ದೊರೆಯದು. ಯಂತ್ರವನ್ನೇ ಹೊತ್ತೊಯ್ದವನಿಗೆ ಅದರ ಹಳೆಯ ವಿಳಾಸ ತಿಳಿದರೆ ಆಗುವ ನಷ್ಟ ಅಲ್ಪವೆಂದು ನಾವು ಎಣಿಸುತ್ತೇವೆ.

ಮೂರನೆಯದು ಪ್ರತಿಕೃತಿಗಳ ಪ್ರಶ್ನೆ. ಒಂದು ಕಲ್ಪಿತ ಯಂತ್ರವನ್ನು ಅಣಿಗೊಳಿಸಿ ಅದರ ಡಿಸ್ಕನ್ನು ಇಪ್ಪತ್ತು ಸಲ ನಕಲು ಮಾಡುವುದು ಈಗ ದಿನನಿತ್ಯದ ಕೆಲಸ. ಮಷೀನ್-ಐಡಿಯೂ ನಕಲಾಯಿತೆಂದರೆ ಮ್ಯಾಕ್ ಸಂಖ್ಯೆ ಬೇರೆಯಿದ್ದರೂ ಇಪ್ಪತ್ತು ಯಂತ್ರಗಳು ಒಂದೇ ಹೆಸರು ಹೇಳಿ ಒಂದೇ ವಿಳಾಸಕ್ಕೆ ಕಾದಾಡುತ್ತವೆ. ಇದನ್ನು ಕಂಡವರು ಸ್ಥಿರವಾದ ಗುರುತೇ ಬೇಡವೆನ್ನುವರು. ನಕಲು ಮಾಡುವ ಮುನ್ನ ಆ ಕಡತವನ್ನು ಬರಿದುಮಾಡಿದರೆ ಪ್ರತಿಯೊಂದು ನಕಲೂ ಮೊದಲ ಸಲ ಎಚ್ಚೆತ್ತಾಗ ತನ್ನದೇ ಸಂಖ್ಯೆ ಪಡೆಯುತ್ತದೆ. ಅವಳಿ ಮಕ್ಕಳಿಗೆ ಒಂದೇ ಹೆಸರಿಟ್ಟ ತಪ್ಪಿಗೆ ಹೆಸರಿಡುವ ಪದ್ಧತಿಯನ್ನೇ ದೂರುವುದು ನ್ಯಾಯವಲ್ಲ.

ನಮ್ಮ ಅಟ್ಟದ ಯಂತ್ರದ ಮಾತಿಗೆ ಬರೋಣ. ಅದರ ಕಾರ್ಡಿನಲ್ಲಿ ತಯಾರಕರು ಬರೆದ ಮ್ಯಾಕ್ ಸಂಖ್ಯೆಯಿದೆ. ಬುತ್ತಿಯೂ ಅದನ್ನೇ ಹೇಳುತ್ತದೆ. ಆದಕಾರಣ ಮನೆಯ ಹಂತದ ಕಾರ್ಯಕ್ರಮಕ್ಕೂ ಡಿಯುಐಡಿಯನ್ನು ಬಿಟ್ಟು ಮ್ಯಾಕ್ ಸಂಖ್ಯೆಯನ್ನೇ ಗುರುತಾಗಿ ಹೇಳೆಂದು ಒಂದು ಸಾಲು ಬರೆದೆವು. ಆ ಸಂಖ್ಯೆಗೆ 23ನೆಯ ವಿಳಾಸವನ್ನು ಕಾದಿರಿಸಲು ರೌಟರಿನಲ್ಲಿ ಇನ್ನೊಂದು ಸಾಲು ಬರೆಸಿದೆವು. ಅನಂತರ ಮಿತ್ರರನ್ನು ಅಟ್ಟ ಹತ್ತಿಸಿ ಮೂರು ಸಲ ವಿದ್ಯುತ್ತಿನ ತಂತಿಯನ್ನು ಕೀಳಿಸಿ ಹಾಕಿಸಿದೆವು. ಮೂರು ಸಲವೂ ಯಂತ್ರ 23ರಲ್ಲಿಯೇ ಗುಪ್ತಪದ ಕೇಳಿತು. ಕೊಟ್ಟ ಮೇಲೆ ಅಲ್ಲಿಯೇ ಕೆಲಸಕ್ಕೆ ನಿಂತಿತು. “ಇನ್ನು ನನ್ನನ್ನು ಅಟ್ಟ ಹತ್ತಿಸುವುದಿಲ್ಲ ತಾನೆ?” ಎಂದು ಕೇಳಿದ ಮಿತ್ರರು, ಬರುವ ತಿಂಗಳು ರೌಟರನ್ನೇ ಬದಲಾಯಿಸುವವರಿದ್ದಾರೆ. ಹೊಸ ರೌಟರಿನ ಪುಸ್ತಕದಲ್ಲಿ ನಮ್ಮ ಸಾಲು ಇರುವುದಿಲ್ಲ. ವಿಳಾಸ 23 ಆಗದಿರಬಹುದು. ಆದರೆ ಅದು ಯಾವುದೇ ಆಗಲಿ, ಈ ಸಲ ಬುತ್ತಿಗೂ ಮನೆಗೂ ಒಂದೇ ಆಗಿರುತ್ತದೆ. ಹೊಸ ಪುಸ್ತಕದಲ್ಲಿ ಬರೆಸಬೇಕಾದುದು ಒಂದೇ ಸಾಲು.